ವೈದ್ಯರ ಬದಿಯಲ್ಲಿ ನಿಲ್ಲುವುದೂ ಒಂದು ಅಮಾನತ್

(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಇರಲಿ.

ಪ್ರತಿ ಶುಕ್ರವಾರ ನಾವು ಸೂರಃ ಅಲ್‌ಕಹ್ಫ್ ಓದುತ್ತೇವೆ. ಅದರಲ್ಲಿ ಪ್ರವಾದಿ ಮೂಸಾ(ಅ)ರು ಜ್ಞಾನವನ್ನರಸಿ ಹೊರಟ ಪ್ರಸಂಗ ಬರುತ್ತದೆ. ಎರಡು ಸಮುದ್ರಗಳು ಸೇರುವಲ್ಲಿ ಅವರು ಅಲ್ಲಾಹನ ಒಬ್ಬ ವಿಶೇಷ ದಾಸರನ್ನು ಕಾಣುತ್ತಾರೆ. ಅವರ ಹೆಸರು ಖಿಝ್ರ್(ಅ) ಎಂದು ಹದೀಸ್‌ಗಳಿಂದ ತಿಳಿಯುತ್ತದೆ. ಮೂಸಾ(ಅ)ರು ಮಹಾ ಪ್ರವಾದಿ. ಆದರೂ ಅವರು ಸುಮ್ಮನೆ ಜೊತೆಗೂಡಲಿಲ್ಲ. ಕಲಿಯುವುದಕ್ಕಾಗಿ ನಿಮ್ಮ ಹಿಂದೆ ಬರಬಹುದೇ ಎಂದು ಮೊದಲು ಅನುಮತಿ ಕೇಳಿದರು. ನಿಮಗೆ ತಾಳ್ಮೆ ಸಾಲದು ಎಂಬ ಉತ್ತರ ಬಂತು. ತಾವಾಗಿ ಹೇಳುವವರೆಗೆ ಏನನ್ನೂ ಕೇಳಬಾರದು ಎಂಬ ಷರತ್ತೂ ಬಂತು. ಮೂಸಾ(ಅ)ರು ಅದಕ್ಕೆ ಒಪ್ಪಿಯೇ ಹೆಜ್ಜೆ ಹಾಕಿದರು.

ಈ ಪ್ರಸಂಗವನ್ನು ನಾವು ಎಷ್ಟೋ ವರ್ಷಗಳಿಂದ ಓದುತ್ತಾ ಬಂದಿದ್ದೇವೆ. ಆದರೆ ತಿಳಿದವರೊಬ್ಬರ ಬದಿಯಲ್ಲಿ ನಿಂತು ನೋಡಲಿಕ್ಕೂ ಒಂದು ಅದಬು ಬೇಕು ಎಂಬುದು ನಮಗೆ ಮನದಟ್ಟಾದದ್ದು ಕಳೆದ ವರ್ಷ, ನಮ್ಮ ಮೊಮ್ಮಗನಿಂದ. ಇಂದು ಆ ಮಾತನ್ನು ತಮ್ಮೆದುರು ಇಡುತ್ತಿದ್ದೇವೆ. ಅದರಲ್ಲಿ ನಮ್ಮದೇ ಒಂದು ತಪ್ಪು ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ನಾವು ಮತ್ತು ಮನೆಯವರು ಅಮೆರಿಕದಲ್ಲಿ, ಶಿಕಾಗೊ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದೆವು. ಅವಳ ಮಗ ಅಲ್ಲಿಯೇ ಹುಟ್ಟಿ ಬೆಳೆದವನು. ಕಾಲೇಜಿನ ಮೂರನೇ ವರ್ಷದಲ್ಲಿದ್ದ. ಡಾಕ್ಟರಾಗಬೇಕು, ಅದರಲ್ಲೂ ಸರ್ಜನ್ ಆಗಬೇಕು ಎಂಬುದು ಅವನ ಆಸೆ.

ನಮ್ಮಲ್ಲಿ ದಾರಿ ನೇರ. ಪಿಯುಸಿ ಮುಗಿಸಿ, ನೀಟ್ ಬರೆದು, ಸೀಟು ಸಿಕ್ಕರೆ ಎಂಬಿಬಿಎಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಲ್ಲಿ ಹಾಗಲ್ಲ. ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ. ಅದರೊಳಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದಂತಹ ಕಡ್ಡಾಯ ವಿಷಯಗಳು. ಎಮ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಆ ಮೇಲೆ ಅರ್ಜಿ. ಆ ಬಳಿಕವಷ್ಟೇ ನಾಲ್ಕು ವರ್ಷದ ವೈದ್ಯಕೀಯ ಕಾಲೇಜು. ಮೊದಲ ಪದವಿಯ ಕಾಲದಲ್ಲಿ ಓದುವವರನ್ನು ಅಲ್ಲಿ ಪ್ರೀ-ಮೆಡ್ ವಿದ್ಯಾರ್ಥಿ ಎನ್ನುತ್ತಾರೆ.

ಅಂಕ ಮಾತ್ರ ಸಾಲುವುದಿಲ್ಲ. ಈ ಕೆಲಸ ಏನೆಂದು ಕಣ್ಣಾರೆ ಕಂಡಿದ್ದೀಯಾ ಎಂದೂ ಕಾಲೇಜುಗಳು ನೋಡುತ್ತವೆ. ಅದಕ್ಕಾಗಿ ವಿದ್ಯಾರ್ಥಿಗಳು ಒಬ್ಬ ವೈದ್ಯರನ್ನು ಕೇಳಿಕೊಂಡು, ಕೆಲವು ದಿನ ಅವರ ಜೊತೆಗಿದ್ದು ನೋಡುತ್ತಾರೆ. ಚಿಕಿತ್ಸೆ ಮಾಡುವಂತಿಲ್ಲ, ರೋಗಿಯನ್ನು ಮುಟ್ಟುವಂತಿಲ್ಲ. ನೆರಳಿನ ಹಾಗೆ ಹಿಂದೆ ಇರಬೇಕು. ಹೆಸರೂ ಹಾಗೆಯೇ, ಶ್ಯಾಡೋಯಿಂಗ್. ಹಲವು ಕಾಲೇಜುಗಳು ಇಂತಿಷ್ಟೇ ಗಂಟೆ ಎಂದು ಕಟ್ಟುನಿಟ್ಟು ಮಾಡುವುದಿಲ್ಲ. ಅರ್ಜಿಯಲ್ಲಿ ಎಷ್ಟು ಗಂಟೆ, ಯಾರ ಬಳಿ ಎಂದು ಬರೆಯಬೇಕು. ಬರೆದದ್ದೆಲ್ಲ ಸತ್ಯ ಎಂದು ದೃಢೀಕರಿಸಬೇಕು.

ನಮ್ಮ ಹುಡುಗ ಹನ್ನೊಂದು ಸರ್ಜನ್‌ಗಳ ಕಚೇರಿಗೆ ಪತ್ರ ಬರೆದಿದ್ದ. ಎರಡು ತಿಂಗಳಾದರೂ ಒಂದು ಉತ್ತರವೂ ಬಂದಿರಲಿಲ್ಲ. ಊಟಕ್ಕೆ ಕುಳಿತರೂ ಅವನ ಕಣ್ಣು ಫೋನಿನ ಮೇಲೆ. ನಮಗೆ ನೋಡಲಾಗಲಿಲ್ಲ. ಇನ್ನೊಂದು ರಾಜ್ಯದಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರು ಸರ್ಜನ್ ಆಗಿದ್ದಾರೆ. ಅವನಿಗೆ ತಿಳಿಸದೆ ಅವರಿಗೆ ಫೋನ್ ಮಾಡಿದೆವು. ಅವರು ನಕ್ಕು, "ಇದೇನು ದೊಡ್ಡ ವಿಷಯ? ಐವತ್ತು ಗಂಟೆ ನನ್ನ ಜೊತೆಗಿದ್ದ ಎಂದು ಬರೆದುಕೊಡುತ್ತೇನೆ, ಹುಡುಗ ಬರುವುದೂ ಬೇಡ" ಎಂದರು. ನಾವು ಅಲ್‌ಹಮ್ದುಲಿಲ್ಲಾಹ್ ಎಂದೆವು. ನೋಡಿ ಸಹೋದರರೇ, ಒಂದು ಸುಳ್ಳಿಗೆ ಅಲ್‌ಹಮ್ದುಲಿಲ್ಲಾಹ್ ಎಂದೆವು!

ರಾತ್ರಿ ಮೊಮ್ಮಗನಿಗೆ ಸಂತೋಷದಿಂದ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಮೇಲೆ ಕೇಳಿದ: "ನಾನಾಜಾನ್, ಆ ಐವತ್ತು ಗಂಟೆ ನಾನು ಎಲ್ಲಿ ನಿಂತಿದ್ದೆ?"

ನಮ್ಮ ಬಳಿ ಉತ್ತರವಿರಲಿಲ್ಲ. ಎಷ್ಟೋ ಜುಮಾಗಳಲ್ಲಿ ಅಮಾನತ್ ಬಗ್ಗೆ ಮಾತನಾಡಿದ ಬಾಯಿ ಇದು. ಮಗಳು ಮಾತ್ರ ಮೆಲ್ಲಗೆ, "ಅಬ್ಬಾ, ನೀವು ಅವನ ಮೇಲಿನ ಪ್ರೀತಿಯಿಂದ ಮಾಡಿದ್ದು" ಎಂದಳು. ಪ್ರೀತಿಯೇನೋ ನಿಜ. ಆದರೆ ನಮ್ಮ ಮಕ್ಕಳಿಗೆ ನಾವು ಕಲಿಸುವ ಅಡ್ಡದಾರಿಗಳಲ್ಲಿ ಹೆಚ್ಚಿನವು ಪ್ರೀತಿಯ ಹೆಸರಿನಲ್ಲೇ ಬರುತ್ತವೆ. ಮರುದಿನ ಸ್ನೇಹಿತರಿಗೆ ಫೋನ್ ಮಾಡಿ, ಪತ್ರ ಬೇಡ, ಕೇಳಿದ್ದೇ ತಪ್ಪಾಯಿತು ಎಂದೆವು. ಅವರೂ ಒಂದು ಕ್ಷಣ ಮೌನವಾಗಿ, "ನಾನು ಹೇಳಿದ್ದೂ ತಪ್ಪು. ಅವನು ನಿಜವಾಗಿ ಬರುವುದಾದರೆ ನಿಜವಾಗಿ ನಿಲ್ಲಿಸಿಕೊಳ್ಳುತ್ತೇನೆ" ಎಂದರು. ಆದರೆ ಅವರ ಆಸ್ಪತ್ರೆಯ ಕಾಗದಪತ್ರ ಮುಗಿಯುವಷ್ಟರಲ್ಲಿ ಇವನ ತರಗತಿಗಳು ಆರಂಭವಾಗಿದ್ದವು. ಹೋಗಲಾಗಲಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಮುಂದೆ ಅವನು ಮಾಡಿದ್ದನ್ನು ನಾವು ಹತ್ತಿರದಿಂದ ನೋಡಿದೆವು. ನಮ್ಮಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಓದುತ್ತಿರುವುದರಿಂದ ವಿವರವಾಗಿಯೇ ಹೇಳುತ್ತೇವೆ.

ಮೊದಲನೆಯದು, ಕೇಳುವ ಕ್ರಮ. ಕಾಲೇಜಿನಲ್ಲಿ ವೈದ್ಯಕೀಯ ಓದಲು ಬಯಸುವವರಿಗೆ ಸಲಹೆ ಕೊಡುವ ಕಚೇರಿ ಇರುತ್ತದೆ. ಅಲ್ಲಿಂದಲೇ ಆರಂಭಿಸಬೇಕು. ಆಸ್ಪತ್ರೆಗಳಲ್ಲಿ ಸ್ವಯಂಸೇವಕರ ವಿಭಾಗವಿದ್ದರೆ ಅಲ್ಲಿಯೂ ಕೇಳಬಹುದು. ಮನೆಮಂದಿಯನ್ನು ನೋಡುವ ಡಾಕ್ಟರ್ ಇದ್ದರೆ, ನಿಮಗೆ ಪರಿಚಯದ ಸರ್ಜನ್ ಇದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಪರಿಚಯದಿಂದ ಬಾಗಿಲು ತಟ್ಟುವುದು ಬೇರೆ, ಪರಿಚಯದಿಂದ ಸುಳ್ಳು ಬರೆಸುವುದು ಬೇರೆ. ನಾವು ಎಡವಿದ್ದು ಇವೆರಡರ ನಡುವೆ.

ಪತ್ರ ಚಿಕ್ಕದಿರಬೇಕು. ನಮ್ಮ ಹುಡುಗನ ಮೊದಲ ಪತ್ರಗಳು ಎರಡು ಪುಟ ಇದ್ದವು, ಬಾಲ್ಯದ ಕನಸೆಲ್ಲ ಅದರಲ್ಲಿತ್ತು. ಇಡೀ ದಿನ ಥಿಯೇಟರ್‌ನಲ್ಲಿ ನಿಲ್ಲುವವರು ಅದನ್ನು ಯಾವಾಗ ಓದುತ್ತಾರೆ? ಸಲಹೆಗಾರರು ಅದನ್ನು ಆರು ವಾಕ್ಯಕ್ಕೆ ಇಳಿಸಿದರು. ನಾನು ಯಾರು, ಯಾವ ಕಾಲೇಜು, ಎಷ್ಟನೇ ವರ್ಷ. ನಿಮ್ಮನ್ನೇ ಏಕೆ ಕೇಳುತ್ತಿದ್ದೇನೆ. ಎಷ್ಟು ದಿನ ಬೇಕು. ವಾರದಲ್ಲಿ ಯಾವ ದಿನ ಬಿಡುವಿದೆ. ಲಸಿಕೆಯ ದಾಖಲೆ ಸಿದ್ಧವಿದೆ. ಆಗದಿದ್ದರೆ ಬೇಸರವಿಲ್ಲ, ಓದಿದ್ದಕ್ಕೆ ಧನ್ಯವಾದ. ಪತ್ರವನ್ನು ಸರ್ಜನ್‌ಗೆ ಮಾತ್ರವಲ್ಲ, ಅವರ ದಿನಚರಿ ನೋಡಿಕೊಳ್ಳುವ ಕಚೇರಿಯ ಸಿಬ್ಬಂದಿಗೂ ಕಳುಹಿಸಬೇಕು. ಯಾವ ದಿನ ಏನಿದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಬೇಕು. ಆಗಲೂ ಬರದಿದ್ದರೆ ಬಿಟ್ಟುಬಿಡಬೇಕು, ಬೆನ್ನು ಹತ್ತಬಾರದು. ಹೀಗೆ ಬರೆದ ನಾಲ್ಕನೇ ಪತ್ರಕ್ಕೆ ಒಬ್ಬ ಮಹಿಳಾ ಸರ್ಜನ್‌ರಿಂದ ಉತ್ತರ ಬಂತು. ಮೊದಲು ಕ್ಲಿನಿಕ್‌ಗೆ ಬಾ, ಆಪರೇಷನ್ ವಿಷಯ ಆ ಮೇಲೆ ನೋಡೋಣ, ಎಂದಿದ್ದರು.

ಎರಡನೆಯದು, ಕಾಗದಪತ್ರ. ಕ್ಷಯರೋಗ ಇಲ್ಲವೆಂಬ ಪರೀಕ್ಷೆ, ದಡಾರ, ಸೀತಾಳೆ ಸಿಡುಬು, ಹೆಪಟೈಟಿಸ್ ಬಿ ಮುಂತಾದವುಗಳ ಲಸಿಕೆಯ ದಾಖಲೆ, ಚಳಿಗಾಲವಾದರೆ ಫ್ಲೂ ಲಸಿಕೆ. ಆಸ್ಪತ್ರೆಗಳು ಸಾಮಾನ್ಯವಾಗಿ ಇವನ್ನೆಲ್ಲ ಕೇಳುತ್ತವೆ. ಹಲವು ಕಡೆ ಹದಿನೆಂಟು ವರ್ಷ ತುಂಬಿರಬೇಕು. ರೋಗಿಯ ಗುಟ್ಟು ಕಾಯುವ ಬಗ್ಗೆ ಅಲ್ಲಿ 1996ರಲ್ಲಿ ಬಂದ ಹಿಪಾ ಎಂಬ ಕಾನೂನು ಇದೆ. ಅದರ ತರಬೇತಿ ಪಡೆದು ಸಹಿ ಹಾಕಬೇಕು. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ರಜೆ ಆರಂಭವಾದ ಮೇಲೆ ಕೇಳುವುದಲ್ಲ, ಎರಡು ಮೂರು ತಿಂಗಳು ಮೊದಲೇ ಕೇಳಬೇಕು.

ಮೂರನೆಯದು, ರೋಗಿಯ ಅನುಮತಿ. ಸಹೋದರರೇ, ಇದು ಎಲ್ಲಕ್ಕಿಂತ ದೊಡ್ಡದು. ಕ್ಲಿನಿಕ್‌ನಲ್ಲಿ ಸರ್ಜನ್ ಪ್ರತಿ ರೋಗಿಯನ್ನೂ ಕೇಳುತ್ತಿದ್ದರಂತೆ: ಇವನೊಬ್ಬ ವಿದ್ಯಾರ್ಥಿ, ಇಲ್ಲಿ ಇರಬಹುದೇ? ಮೊದಲ ದಿನ ಒಬ್ಬ ವೃದ್ಧೆ ಬೇಡ ಎಂದರು. ಅವನು ಸಲಾಮಿನ ಹಾಗೆ ತಲೆ ಬಾಗಿಸಿ ಹೊರಗೆ ಬಂದು ಅರ್ಧ ಗಂಟೆ ಕುಳಿತಿದ್ದ. ಮನೆಗೆ ಬಂದಾಗ ಅವನ ಮುಖದಲ್ಲಿ ಸ್ವಲ್ಪ ಅವಮಾನವಾದಂತಿತ್ತು. ಆಗ ನಾವು ಅವನಿಗೆ ಸೂರಃ ಅನ್ನೂರ್‌ನ ಆದೇಶವನ್ನು ನೆನಪಿಸಿದೆವು. ಬೇರೆಯವರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದು, ಹಿಂತಿರುಗಿ ಎಂದರೆ ಹಿಂತಿರುಗಬೇಕು, ಅದೇ ಪರಿಶುದ್ಧವಾದದ್ದು ಎಂಬುದು ಅದರ ಸಾರ. ಮನೆಗೇ ಇಷ್ಟು ಮರ್ಯಾದೆ ಇದ್ದರೆ ಮನುಷ್ಯನ ದೇಹಕ್ಕೆ ಎಷ್ಟಿರಬೇಕು? ಅನಾರೋಗ್ಯದ ನೋವು ಹೇಳಿಕೊಳ್ಳುತ್ತಿರುವ ಕೋಣೆಗೆ ಎಷ್ಟಿರಬೇಕು? ಬೇಡ ಎನ್ನುವುದು ಅವರ ಹಕ್ಕು. ನಮ್ಮ ಕಲಿಕೆಗೆ ಅವರು ಸಾಲಗಾರರಲ್ಲ.

ನಾಲ್ಕನೆಯದು, ನಿಲ್ಲುವ ರೀತಿ. ಎರಡು ಮಧ್ಯಾಹ್ನ ಕ್ಲಿನಿಕ್‌ನಲ್ಲಿ ಕಳೆದ ಮೇಲೆ ಅವನಿಗೆ ಆಪರೇಷನ್ ಥಿಯೇಟರ್‌ಗೆ ಕರೆ ಬಂತು. ಹೊಟ್ಟೆ ತುಂಬ ತಿಂಡಿ ತಿಂದು ಬರಲು ಹೇಳಿದ್ದರು. ಹಸಿದು ಗಂಟೆಗಟ್ಟಲೆ ನಿಂತರೆ, ರಕ್ತ ನೋಡಿ ರೂಢಿಯಿಲ್ಲದವರಿಗೆ ತಲೆ ಸುತ್ತುತ್ತದೆ. ಹಾಗಾಗಿ ರಮಝಾನ್‌ನಲ್ಲಿ ಥಿಯೇಟರ್ ದಿನವನ್ನು ಇಟ್ಟುಕೊಳ್ಳದೆ ಬೇರೆ ದಿನ ಕೇಳುವುದು ಒಳ್ಳೆಯದು. ತಲೆ ಸುತ್ತಿದರೆ ನಾಚಿಕೆಪಡದೆ ಹೇಳಿ, ಹಿಂದೆ ಸರಿದು ನೆಲದ ಮೇಲೆ ಕುಳಿತುಬಿಡಬೇಕು. ರೋಗಿಯ ಕಡೆಗೆ ಬೀಳಬಾರದು. ನೀಲಿ ಬಟ್ಟೆ ಹೊದಿಸಿದ ಯಾವುದನ್ನೂ ಮುಟ್ಟಬಾರದು, ಅದು ಸೋಂಕಿಲ್ಲದಂತೆ ಶುದ್ಧ ಮಾಡಿಟ್ಟ ಜಾಗ. ಎಲ್ಲಿ ನಿಲ್ಲಬೇಕೆಂದು ನರ್ಸ್‌ರನ್ನು ಕೇಳಬೇಕು. ಸರ್ಜನ್ ತಾವಾಗಿ ಮಾತನಾಡಿಸುವವರೆಗೆ ಪ್ರಶ್ನೆ ಕೇಳಬಾರದು. ಇದನ್ನು ಅವನು ಹೇಳಿದಾಗ ನಮಗೆ ಕಹ್ಫ್‌ನ ಆ ಷರತ್ತು ನೆನಪಾಯಿತು.

ನಮ್ಮ ಹೆಣ್ಣುಮಕ್ಕಳಿಗೂ ಒಂದು ಮಾತು. ಥಿಯೇಟರ್‌ನಲ್ಲಿ ಹೊರಗಿನ ಬಟ್ಟೆ ನಡೆಯುವುದಿಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ತಲೆ, ಕುತ್ತಿಗೆ ಮುಚ್ಚುವ, ಒಮ್ಮೆ ಬಳಸಿ ಎಸೆಯುವ ಟೋಪಿಗಳಿವೆ. ಇಂಗ್ಲೆಂಡಿನ ರಾಯಲ್ ಡರ್ಬಿ ಆಸ್ಪತ್ರೆಯಲ್ಲಿ 2019ರಲ್ಲಿ ಫರಾಹ್ ರೊಸ್ಲಾನ್ ಎಂಬ ಕಿರಿಯ ವೈದ್ಯೆಯ ಪ್ರಯತ್ನದಿಂದ ಥಿಯೇಟರ್‌ಗೆಂದೇ ಶುದ್ಧೀಕರಿಸಿದ, ಒಮ್ಮೆ ಬಳಸುವ ಹಿಜಾಬ್ ಬಂತು. ಆದ್ದರಿಂದ ಹಿಂಜರಿಕೆ ಬೇಡ. ಹೋಗುವ ಮೊದಲೇ, ನಿಮ್ಮಲ್ಲಿ ಏನು ವ್ಯವಸ್ಥೆ ಇದೆ ಎಂದು ವಿನಯದಿಂದ ಕೇಳಿಬಿಡಿ. ನಮಾಝ್‌ನ ವಿಷಯವೂ ಹಾಗೆಯೇ. ಆಪರೇಷನ್ ಮಾಡುವವರು ಬಿಟ್ಟು ಹೋಗಲಾರರು, ನೋಡುವವರು ಹೋಗಬಹುದು. ಯಾವಾಗ ಹೊರಗೆ ಹೋಗಿಬರಬಹುದು ಎಂದು ಮುಂಚೆಯೇ ತಿಳಿದುಕೊಳ್ಳಬೇಕು.

ಅವನು ನೋಡಿದ ಮೊದಲ ಆಪರೇಷನ್ ಪಿತ್ತಕೋಶದ್ದು. ಹೊಟ್ಟೆಯಲ್ಲಿ ಕೆಲವು ಸಣ್ಣ ರಂಧ್ರ ಮಾಡಿ, ಕ್ಯಾಮರಾ ಇಳಿಸಿ, ಪರದೆ ನೋಡಿಕೊಂಡು ಮಾಡುವಂಥದ್ದು. ಚಾಕು ಇಡುವ ಮೊದಲು ಎಲ್ಲರೂ ಕೈ ನಿಲ್ಲಿಸಿದರಂತೆ. ರೋಗಿ ಯಾರು, ಯಾವ ಆಪರೇಷನ್, ಯಾವ ಭಾಗ ಎಂದು ಗಟ್ಟಿಯಾಗಿ ಹೇಳಿಕೊಂಡರಂತೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷತಾ ಪಟ್ಟಿಯಲ್ಲಿ ಇದೂ ಒಂದು ಹಂತ. ಕೋಣೆಯಲ್ಲಿದ್ದವರೆಲ್ಲ ತಮ್ಮ ಹೆಸರು ಮತ್ತು ಕೆಲಸ ಹೇಳಿದರು. ಇವನ ಸರದಿಯೂ ಬಂತು. "ನಾನು ವಿದ್ಯಾರ್ಥಿ, ನೋಡಲು ಬಂದಿದ್ದೇನೆ" ಎಂದನಂತೆ. ಅಲ್ಲಿ ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಿದ್ದರೂ ಸುಳ್ಳಾಗುತ್ತಿತ್ತು.

ಆ ಮೇಲೆ ಒಂದು ಹಂತದಲ್ಲಿ ಸರ್ಜನ್ ಬಹಳ ಹೊತ್ತು ಏನನ್ನೂ ಕತ್ತರಿಸಲಿಲ್ಲ. ಸುತ್ತಲಿನ ಕೊಬ್ಬು, ಪೊರೆಗಳನ್ನು ಬಿಡಿಸುತ್ತಲೇ ಇದ್ದರು. ಇವನಿಗೆ ಏಕೆಂದು ತಿಳಿಯಲಿಲ್ಲ, ಆದರೂ ಕೇಳಲಿಲ್ಲ. ಮುಗಿದ ಮೇಲೆ ಅವರೇ ಹೇಳಿದರು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು, ಒಂದು ನಾಳ, ಒಂದು ರಕ್ತನಾಳ. ಆ ಎರಡೇ ಎಂದು ಸ್ಪಷ್ಟವಾಗಿ ಕಾಣುವವರೆಗೆ ಕ್ಲಿಪ್ ಹಾಕಬಾರದು, ಕತ್ತರಿ ಇಡಬಾರದು. ಅವಸರದಲ್ಲಿ ಪಿತ್ತಜನಕಾಂಗದಿಂದ ಬರುವ ಮುಖ್ಯ ನಾಳವನ್ನೇ ಕತ್ತರಿಸಿದರೆ ರೋಗಿಯ ಬದುಕೇ ಕಷ್ಟಕ್ಕೆ ಬೀಳುತ್ತದೆ.

ಸಹೋದರರೇ, ಖಚಿತವಾಗುವವರೆಗೆ ಕತ್ತರಿ ಹಾಕದ ಕೈ, ಖಚಿತವಲ್ಲದ್ದನ್ನು ಬರೆಯದ ಕೈಯಿಂದಲೇ ಬೆಳೆಯಬೇಕು. ಐವತ್ತು ಗಂಟೆ ಎಂದು ಸುಲಭವಾಗಿ ಬರೆದವನು ನಾಳೆ ರೋಗಿಯ ಚೀಟಿಯಲ್ಲಿ ನೋಡದ್ದನ್ನು ನೋಡಿದೆ ಎಂದು ಬರೆಯಲಾರನೇ? ಸಣ್ಣ ಅರ್ಜಿಯ ಸಣ್ಣ ಸುಳ್ಳು ಎಂದುಕೊಂಡ ನಮ್ಮನ್ನು ಈ ಯೋಚನೆ ಆ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ.

ನಮ್ಮ ಪೂರ್ವಿಕರು ಇದನ್ನು ಅರಿತಿದ್ದರು. ಅಂದಲೂಸಿಯಾದ ಕುರ್ತುಬಾದಲ್ಲಿ ಬದುಕಿ 1013ರಲ್ಲಿ ನಿಧನರಾದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು 30 ಭಾಗಗಳ ವೈದ್ಯಗ್ರಂಥ ಬರೆದರು. ಕಿತಾಬ್ ಅತ್ತಸ್ರೀಫ್ ಎಂದು ಅದರ ಹೆಸರು. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದ್ದು, ಸುಮಾರು 200 ಉಪಕರಣಗಳ ಚಿತ್ರಗಳಿವೆ. ಆ ಭಾಗದ ಆರಂಭದಲ್ಲೇ ಅವರು ತಾವು ಕಂಡ ದುರಂತಗಳನ್ನು ಬರೆದಿದ್ದಾರೆ. ದೇಹದೊಳಗಿನ ರಚನೆ ತಿಳಿಯದ ಒಬ್ಬ ವೈದ್ಯ ಒಬ್ಬ ಹೆಂಗಸಿನ ಕುತ್ತಿಗೆಯ ಗಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿದ, ಅವಳು ಅವನೆದುರೇ ರಕ್ತ ಸುರಿದು ಸತ್ತಳು. ಸಾವಿರ ವರ್ಷಗಳ ಹಿಂದೆ ಅವರು ಶಿಷ್ಯರಿಗೆ ಮೊದಲು ಹೇಳಿದ್ದು ಉಪಕರಣದ ಬಗ್ಗೆ ಅಲ್ಲ, ತಿಳಿಯದೆ ತಿಳಿದವನಂತೆ ನಟಿಸುವುದರ ಬಗ್ಗೆ.

ಐದನೆಯದು ಮತ್ತು ಕೊನೆಯದು, ಲೆಕ್ಕ. ನಮ್ಮ ಹುಡುಗ ಒಂದು ಸಣ್ಣ ಪುಸ್ತಕ ಇಟ್ಟಿದ್ದ. ದಿನಾಂಕ, ಹೋದ ಹೊತ್ತು, ಬಂದ ಹೊತ್ತು, ಏನು ಕಲಿತೆ. ರೋಗಿಯ ಹೆಸರು ಎಲ್ಲೂ ಇಲ್ಲ, ಊರು ಇಲ್ಲ, ಫೋಟೋ ಇಲ್ಲ. ಫೋನನ್ನು ಒಳಗೆ ಒಯ್ದೇ ಇರಲಿಲ್ಲ. ಆ ಪುಸ್ತಕದಲ್ಲಿ ಒಂದು ಸಾಲು ನಮ್ಮ ಕಣ್ಣಿಗೆ ಬಿತ್ತು: ಹೊರಗೆ ಕುಳಿತದ್ದು ಅರ್ಧ ಗಂಟೆ, ಕಳೆಯಬೇಕು. ಆ ವೃದ್ಧೆ ಬೇಡ ಎಂದ ಅರ್ಧ ಗಂಟೆ ಅದು. ಕ್ಲಿನಿಕ್‌ನಲ್ಲಿ ಏಳೂವರೆ, ಥಿಯೇಟರ್‌ನಲ್ಲಿ ಮೂರು ದಿನ ಸೇರಿ ಹದಿನೆಂಟು. ಒಟ್ಟು ಇಪ್ಪತ್ತೈದೂವರೆ. ಅರ್ಜಿಯಲ್ಲಿ 25 ಎಂದು ಬರೆದ. ನಾವು ತರಿಸಲು ಹೊರಟಿದ್ದ ಐವತ್ತರ ಅರ್ಧ. ಕೊನೆಯ ದಿನ ಸರ್ಜನ್‌ಗೂ, ಥಿಯೇಟರ್‌ನ ನರ್ಸ್‌ಗಳಿಗೂ, ಕಚೇರಿಯ ಸಿಬ್ಬಂದಿಗೂ ಬೇರೆ ಬೇರೆ ಧನ್ಯವಾದದ ಪತ್ರ ಬರೆದ.

ಇಲ್ಲಿರುವ ತಂದೆತಾಯಂದಿರು ಒಂದು ವಿಷಯ ಗಮನಿಸಬೇಕು. ಆ ದೇಶದ ಪೌರತ್ವ ಅಥವಾ ಶಾಶ್ವತ ವಾಸದ ಹಕ್ಕು ಇಲ್ಲದವರಿಗೆ ಅಲ್ಲಿನ ವೈದ್ಯಕೀಯ ಕಾಲೇಜಿನ ಪ್ರವೇಶ ಬಹಳ ಕಷ್ಟ. ಅನೇಕ ಕಾಲೇಜುಗಳು ಅವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಪದವಿಗೆ ಕಳುಹಿಸುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ. ಇಲ್ಲಿಯೇ ಎಂಬಿಬಿಎಸ್ ಓದುವ ಮಕ್ಕಳಿಗೂ 2019ರ ಪಠ್ಯಕ್ರಮದಿಂದ ಮೊದಲ ವರ್ಷದಲ್ಲೇ ರೋಗಿಗಳ ಬಳಿ ಹೋಗಿ ನೋಡುವ ಅವಕಾಶವಿದೆ. ನಮ್ಮ ಸರಕಾರಿ ಆಸ್ಪತ್ರೆಗಳ ಬಡ ರೋಗಿಗೆ ಬೇಡ ಎನ್ನುವ ಧೈರ್ಯ ಇರುವುದಿಲ್ಲ. ಆ ಕಾರಣಕ್ಕೇ ಅವರನ್ನು ಇನ್ನೂ ಹೆಚ್ಚು ಮರ್ಯಾದೆಯಿಂದ ಕೇಳಬೇಕೆಂದು ಮಕ್ಕಳಿಗೆ ಹೇಳಿಕೊಡಿ.

ನಮ್ಮ ಮೊಮ್ಮಗನಿಗೆ ಸೀಟು ಸಿಗುವುದೋ ಇಲ್ಲವೋ ಅಲ್ಲಾಹನೇ ಬಲ್ಲ. ಇನ್ನೂ ಉತ್ತರ ಬಂದಿಲ್ಲ. 25 ಗಂಟೆ ಕಡಿಮೆಯೆಂದು ಯಾವುದಾದರೂ ಕಾಲೇಜು ತಳ್ಳಿಹಾಕಲೂಬಹುದು. ಅದನ್ನು ಅವನು ಬಲ್ಲ, ನಾವೂ ಬಲ್ಲೆವು. ಆದರೆ ನಾಳೆ ಮಹ್ಶರದ ಮೈದಾನದಲ್ಲಿ ಪ್ರತಿ ಗಂಟೆಯ ಲೆಕ್ಕ ಕೇಳುವಾಗ, ಆ ಹೊತ್ತು ನೀನು ಎಲ್ಲಿ ನಿಂತಿದ್ದೆ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿದೆ.

ಕೇಳಿ ಪಡೆಯೋಣ, ತಾಳ್ಮೆಯಿಂದ ನೋಡೋಣ, ಕಂಡಷ್ಟನ್ನೇ ಬರೆಯೋಣ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿಯಾದ ಜ್ಞಾನ ನೀಡಲಿ. ಅವರ ಕೈಗಳಲ್ಲಿ ರೋಗಿಗಳಿಗೆ ಶಿಫಾ ಇಡಲಿ. ಪ್ರೀತಿಯ ಹೆಸರಿನಲ್ಲಿ ಅವರನ್ನು ಅಡ್ಡದಾರಿಗೆ ಎಳೆಯುವುದರಿಂದ ಹಿರಿಯರಾದ ನಮ್ಮನ್ನು ಕಾಪಾಡಲಿ. ಆಮೀನ್.